ಪ್ರಶ್ನೆ ತೆಗೆಯುವವರ ಕಸುಬು

ಟಿ.ವಿ.ಯ ರಸಪ್ರಶ್ನೆ ಕಾರ್ಯಕ್ರಮಗಳ ಮಾತು ಬಂದಾಗ ನಾವು ಗೆದ್ದವರನ್ನು ನೆನೆಯುತ್ತೇವೆ, ನಿರೂಪಕರ ಧ್ವನಿಯನ್ನು ನೆನೆಯುತ್ತೇವೆ, ಬಹುಮಾನದ ಮೊತ್ತವನ್ನಂತೂ ತಪ್ಪದೆ ನೆನೆಯುತ್ತೇವೆ. ಪ್ರಶ್ನೆ ತೆಗೆದವರು ಯಾರೆಂದು ಕೇಳುವವರು ಸಿಗುವುದು ಅಪರೂಪ. ಕಳೆದ ಶನಿವಾರ ರಾತ್ರಿ ಕನ್ನಡ ವಾಹಿನಿಯೊಂದರಲ್ಲಿ ಬಂದ ಸಂಚಿಕೆಯನ್ನು ವಿಜಯಪುರದ ನಮ್ಮ ಮನೆಯಲ್ಲಿ ಎಲ್ಲರೂ ಕುಳಿತು ನೋಡಿದೆವು. ಅದರಲ್ಲಿ ಒಳ್ಳೆಯ ಪ್ರಶ್ನೆಗಳೂ ಇದ್ದವು, ಕೆಲಸಕ್ಕೆ ಬಾರದವೂ ಇದ್ದವು, ಮತ್ತು ಇವೆರಡರ ನಡುವಿನ ಅಂತರ ಒಂದೇ ಗಂಟೆಯಲ್ಲಿ ಅಷ್ಟು ಢಾಳಾಗಿ ಕಾಣಿಸಿದ್ದರಿಂದ ಈ ಬರಹ. ಸ್ಪರ್ಧಿಗಳ ಹೆಸರನ್ನು ಬೇಕೆಂದೇ ಬಿಟ್ಟಿದ್ದೇನೆ. ಸೋತವರ ಬಗ್ಗೆಯೂ ನಾಲ್ಕು ಮಾತು ಬರೆಯಬೇಕಾಗಿದೆ.

ಮೂವರು ಸ್ಪರ್ಧಿಗಳಿದ್ದರು: ಮುದ್ದೇಬಿಹಾಳ ತಾಲ್ಲೂಕಿನ ಒಬ್ಬ ಪ್ರೌಢಶಾಲಾ ಶಿಕ್ಷಕಿ, ಬೆಂಗಳೂರಿನಲ್ಲಿ ಕೆಲಸದಲ್ಲಿರುವ ಒಬ್ಬ ಎಂಜಿನಿಯರ್ ಮತ್ತು ಮೈಸೂರಿನ ಒಬ್ಬ ಪದವಿ ವಿದ್ಯಾರ್ಥಿ. ಮೊದಲ ಸುತ್ತಿನಲ್ಲಿ ನಾಲ್ಕು ಆಯ್ಕೆಗಳಿರುವ ಪ್ರಶ್ನೆಗಳು, ಆಮೇಲೆ ಚಿತ್ರದ ಸುತ್ತು, ಆಮೇಲೆ ಬಜರ್, ಕೊನೆಗೆ ತಮ್ಮಲ್ಲಿರುವ ಅಂಕಗಳನ್ನೇ ಪಣಕ್ಕಿಟ್ಟು ಆಡುವ ಒಂದು ಪ್ರಶ್ನೆ. ಈ ಪಣದ ಏರ್ಪಾಡು ಹೊಸದೇನಲ್ಲ. 1964ರಲ್ಲಿ ಅಮೆರಿಕದಲ್ಲಿ ಆರಂಭವಾದ ಜೆಪರ್ಡಿ ಕಾರ್ಯಕ್ರಮದ ಕೊನೆಯ ಪ್ರಶ್ನೆಯೂ ಹೀಗೆಯೇ ನಡೆಯುತ್ತದೆ. ಟಿ.ವಿ.ಯ ಎದುರು ಕುಳಿತವರಲ್ಲಿ ಮುಖ್ಯರು ಇಬ್ಬರು: ಕಂದಾಯ ಇಲಾಖೆಯಲ್ಲಿ ಕೆಲಸ ಮಾಡಿ ನಿವೃತ್ತರಾದ, ಜಮಖಂಡಿ ಕಡೆಯಲ್ಲೇ ಬಹಳ ವರ್ಷ ಕಳೆದ ನಮ್ಮ ಕಾಕಾ, ಮತ್ತು ರಜೆಗೆ ಬಂದಿದ್ದ, ಒಂಬತ್ತನೆಯ ತರಗತಿಯಲ್ಲಿ ಓದುವ ನನ್ನ ತಂಗಿಯ ಮಗಳು. ಆಯ್ಕೆಗಳು ಪರದೆಯ ಮೇಲೆ ಬರುವ ಮೊದಲೇ ಉತ್ತರ ಹೇಳಬೇಕೆಂಬುದು ಇವರಿಬ್ಬರ ನಡುವಿನ ಕರಾರು.

ಶಿಕ್ಷಕಿಗೆ ಬಂದ ಮೊದಲ ಪ್ರಶ್ನೆಯೇ ನಮ್ಮ ಊರಿನದು. ಗೋಳಗುಮ್ಮಟದ ಪಿಸುಗುಟ್ಟುವ ಗ್ಯಾಲರಿಯಲ್ಲಿ ಒಂದು ಧ್ವನಿ ಎಷ್ಟು ಸಲ ಮರುಕಳಿಸುತ್ತದೆ ಎಂದು ಕೇಳಿದರು. ಆಕೆ ಏಳು ಎಂದರು, ಹತ್ತು ಅಂಕ ಬಂತು, ಚಪ್ಪಾಳೆಯೂ ಬಂತು. ಈ ಊರಿನಲ್ಲಿ ಬೆಳೆದವರಿಗೆ ಈ ಪ್ರಶ್ನೆಯ ಬಗ್ಗೆ ಸ್ವಲ್ಪ ಸಿಟ್ಟು ಬರುವುದು ಸಹಜ. ಏಳು ಎಂದು ಪುಸ್ತಕಗಳಲ್ಲಿದೆ. ಹತ್ತು ಎನ್ನುವವರೂ ಇದ್ದಾರೆ. ಶಾಲೆಯ ಪ್ರವಾಸದ ಬಸ್ಸುಗಳು ಬಂದು ನಿಂತ ದಿನ ಮಧ್ಯಾಹ್ನ ಮೇಲೆ ಹತ್ತಿ ನಿಂತರೆ ಮಕ್ಕಳ ಕೂಗಿನಲ್ಲಿ ಎರಡನ್ನೂ ಎಣಿಸಲಾಗುವುದಿಲ್ಲ. ಯಾರು ಎಲ್ಲಿ ನಿಂತು, ಎಷ್ಟು ಜೋರಾಗಿ, ಎಂಥ ಸದ್ದು ಮಾಡಿದರು ಎಂಬುದರ ಮೇಲೆ ಬದಲಾಗುವ ಸಂಖ್ಯೆಯೊಂದನ್ನು ನಾಲ್ಕು ಆಯ್ಕೆಗಳಲ್ಲಿ ಒಂದಾಗಿ ಇಡುವುದು ಪ್ರಶ್ನೆ ತೆಗೆದವರ ಸೋಮಾರಿತನ. ಇದರಲ್ಲಿ ಯೋಚಿಸಲು ಏನೂ ಇಲ್ಲ. ಕೇಳಿದ್ದರೆ ಗೊತ್ತು, ಕೇಳಿಲ್ಲದಿದ್ದರೆ ಇಲ್ಲ.

ಅದೇ ಕಟ್ಟಡದ ಬಗ್ಗೆ ಎಂಥೆಂಥ ಪ್ರಶ್ನೆ ಕೇಳಬಹುದಿತ್ತು! ಮಹಮ್ಮದ್ ಆದಿಲ್ ಶಾಹನ ಈ ಸಮಾಧಿ ಪೂರ್ಣಗೊಂಡದ್ದು 1656ರಲ್ಲಿ. ಕೆಳಗಿನ ಕೋಣೆ ಚೌಕ, ಮೇಲಿನ ಗುಮ್ಮಟ ದುಂಡು, ನಡುವೆ ಒಂದೂ ಕಂಬವಿಲ್ಲ. ಚೌಕದ ಮೇಲೆ ದುಂಡನ್ನು ಕೂರಿಸುವುದು ಹೇಗೆ? ಒಂದು ಚೌಕದ ಮೇಲೆ ಇನ್ನೊಂದು ಚೌಕವನ್ನು ಓರೆಯಾಗಿ ತಿರುಗಿಸಿಟ್ಟಂತೆ ಎಂಟು ಕಮಾನುಗಳನ್ನು ಒಂದನ್ನೊಂದು ಹಾಯುವ ಹಾಗೆ ಕಟ್ಟಿ, ಅವುಗಳ ಮೇಲೆ ಗುಮ್ಮಟದ ಅಂಚನ್ನು ನಿಲ್ಲಿಸಿದ್ದಾರೆ. ಮರುದನಿಯ ವಿಷಯವೇ ಬೇಕೆಂದರೂ ಕೇಳಲು ಬಹಳಷ್ಟಿದೆ. ಒಳಗಿನ ವ್ಯಾಸ ಸುಮಾರು 38 ಮೀಟರ್. ಧ್ವನಿ ಸೆಕೆಂಡಿಗೆ ಸುಮಾರು 340 ಮೀಟರ್ ಸಾಗುವುದರಿಂದ, ನಾವು ಆಡಿದ ಮಾತು ಎದುರಿನ ಗೋಡೆಯನ್ನು ಮುಟ್ಟಿ ಮರಳಿ ಬರಲು ಸೆಕೆಂಡಿನ ಐದನೆಯ ಒಂದು ಭಾಗಕ್ಕಿಂತ ತುಸು ಹೆಚ್ಚು ಹೊತ್ತು ಬೇಕು. ಸುಮಾರು ಹತ್ತನೆಯ ಒಂದು ಭಾಗ ಅಂತರವಿದ್ದರೆ ಸಾಕು, ನಮ್ಮ ಕಿವಿ ಮೂಲ ಸದ್ದನ್ನೂ ಮರುದನಿಯನ್ನೂ ಬೇರೆಬೇರೆಯಾಗಿ ಹಿಡಿಯುತ್ತದೆ. ಹಾಗಾಗಿಯೇ ಅಲ್ಲಿ ಉದ್ದನೆಯ ವಾಕ್ಯವನ್ನು ಕೂಗಿದರೆ ಎಲ್ಲವೂ ಕಲಸಿಹೋಗುತ್ತದೆ, ಒಂದೇ ಒಂದು ಚಪ್ಪಾಳೆ ತಟ್ಟಿದರೆ ಬಿಡಿಬಿಡಿಯಾಗಿ ಮರಳುತ್ತದೆ. ‘ಗೋಳಗುಮ್ಮಟದಲ್ಲಿ ಹೆಸರು ಕೂಗುವುದಕ್ಕಿಂತ ಚಪ್ಪಾಳೆ ತಟ್ಟಿದರೆ ಮರುದನಿ ಸ್ಪಷ್ಟವಾಗಿ ಕೇಳುವುದೇಕೆ?’ ಎಂದು ಕೇಳಿದ್ದರೆ, ವಿಜಯಪುರವನ್ನು ಕಣ್ಣಿನಿಂದ ನೋಡಿರದ ಮೈಸೂರಿನ ಹುಡುಗನೂ ಭೌತಶಾಸ್ತ್ರದ ಬಲದಿಂದ ಉತ್ತರಿಸಬಹುದಿತ್ತು.

ಇಷ್ಟು ಬೈದ ಮೇಲೆ ಹೊಗಳುವುದೂ ನ್ಯಾಯ. ಎಂಜಿನಿಯರಿಗೆ ಬಂದ ಮೂರನೆಯ ಪ್ರಶ್ನೆ ಹೀಗಿತ್ತು: ಕಾಳಿದಾಸ ಮತ್ತು ಭಾರವಿ ಇಬ್ಬರನ್ನೂ ಹೆಸರಿಸುವ ಶಾಸನ ಇವುಗಳಲ್ಲಿ ಯಾವುದು? ಆಯ್ಕೆಗಳು ಜುನಾಗಢ, ಅಲಹಾಬಾದ್, ತಾಳಗುಂದ ಮತ್ತು ಐಹೊಳೆ. ರಸಪ್ರಶ್ನೆಯಲ್ಲಿ ಸರಿಯುತ್ತರ ಹುಡುಕುವುದು ಸುಲಭ. ತಪ್ಪು ಉತ್ತರಗಳನ್ನು ಹುಡುಕುವುದೇ ನಿಜವಾದ ಕಷ್ಟ. ತಪ್ಪು ಆಯ್ಕೆ ತೀರ ಪೆದ್ದಾಗಿದ್ದರೆ ಪ್ರಶ್ನೆ ಸತ್ತಂತೆ. ಅದು ಅರ್ಧ ಸರಿಯಾಗಿದ್ದರೆ ಜಗಳ ಖಾತ್ರಿ. ಇಲ್ಲಿ ನಾಲ್ಕೂ ಪ್ರಸಿದ್ಧ ಶಾಸನಗಳು, ನಾಲ್ಕೂ ಸಂಸ್ಕೃತದವು. ಅಲಹಾಬಾದ್ ಸ್ತಂಭದ ಪ್ರಶಸ್ತಿಯನ್ನು ಬರೆದವನು ಹರಿಷೇಣ, ತಾಳಗುಂದದ್ದನ್ನು ಬರೆದವನು ಕುಬ್ಜ, ಐಹೊಳೆಯದನ್ನು ಬರೆದವನು ರವಿಕೀರ್ತಿ; ಮೂವರೂ ಕವಿಗಳೇ. ಹಿಂದಿನ ಕವಿಗಳನ್ನು ಇವರಲ್ಲಿ ಯಾರು ಬೇಕಾದರೂ ನೆನೆದಿರಬಹುದೆಂದು ಮೇಲುನೋಟಕ್ಕೆ ಅನ್ನಿಸುತ್ತದೆ.

ಎಂಜಿನಿಯರ್ ಜೋರಾಗಿಯೇ ಯೋಚಿಸಿದರು. ಕಾಳಿದಾಸನೆಂದರೆ ಗುಪ್ತರ ಕಾಲ, ಗುಪ್ತರೆಂದರೆ ಸಮುದ್ರಗುಪ್ತ, ಸಮುದ್ರಗುಪ್ತನೆಂದರೆ ಅಲಹಾಬಾದ್ ಸ್ತಂಭ. ಒಂದೊಂದು ಹೆಜ್ಜೆಯೂ ಚೆಂದವಾಗಿತ್ತು, ಹತ್ತು ಅಂಕ ಮಾತ್ರ ಸಿಗಲಿಲ್ಲ. ಅವರು ಗಮನಿಸದೆ ಬಿಟ್ಟದ್ದು ಪ್ರಶ್ನೆಯಲ್ಲಿದ್ದ ಎರಡನೆಯ ಹೆಸರನ್ನು. ಭಾರವಿ ಆರನೆಯ ಶತಮಾನದ ಕವಿಯೆಂಬುದು ನೆನಪಿದ್ದರೆ ಜುನಾಗಢ, ಅಲಹಾಬಾದ್, ತಾಳಗುಂದ ಮೂರೂ ಒಮ್ಮೆಗೇ ಬಿದ್ದುಹೋಗುತ್ತವೆ. ಮೂರೂ ಭಾರವಿ ಹುಟ್ಟುವ ಮೊದಲೇ ಕಲ್ಲಿನ ಮೇಲೆ ಬಂದಾಗಿತ್ತು. ಉಳಿಯುವುದು ಇಮ್ಮಡಿ ಪುಲಕೇಶಿಯ ಕಾಲದ ಐಹೊಳೆ ಒಂದೇ. ಬಾಗಲಕೋಟೆ ಜಿಲ್ಲೆಯ ಆ ಊರಿನಲ್ಲಿ, ಗುಡ್ಡದ ಮೇಲಿನ ಮೇಗುತಿ ಜಿನಾಲಯದ ಗೋಡೆಯಲ್ಲಿ, ಶಕ ವರ್ಷ 556ರಲ್ಲಿ, ಎಂದರೆ ಕ್ರಿ.ಶ. 634ರ ಸುಮಾರಿಗೆ, ರವಿಕೀರ್ತಿ ತನ್ನ ಕೀರ್ತಿ ಕಾಳಿದಾಸ ಭಾರವಿಯರ ಕೀರ್ತಿಗೆ ಸಮನಾದುದೆಂದು ಬರೆಸಿಕೊಂಡಿದ್ದಾನೆ. ಸಂಕೋಚದ ಮನುಷ್ಯನಲ್ಲ. ಆದರೆ ಅವನ ಆ ಹೆಮ್ಮೆಯಿಂದಲೇ ವಿದ್ವಾಂಸರಿಗೆ ಒಂದು ಗಟ್ಟಿ ಆಧಾರ ದೊರೆಯಿತು: ಕಾಳಿದಾಸನ ಕಾಲವನ್ನು ಯಾರು ಎಷ್ಟೇ ಹಿಂದೆ ಮುಂದೆ ಎಳೆದರೂ 634ರಿಂದ ಈಚೆಗೆ ತರುವಂತಿಲ್ಲ. ಪ್ರಶ್ನೆ ತೆಗೆದವರು ಕಾಳಿದಾಸನ ಹೆಸರೊಂದನ್ನೇ ಕೊಟ್ಟಿದ್ದರೆ ಇದು ಬರೀ ನೆನಪಿನ ಪ್ರಶ್ನೆಯಾಗುತ್ತಿತ್ತು. ಭಾರವಿಯನ್ನು ಸೇರಿಸಿ ಉತ್ತರಕ್ಕೆ ಹೋಗುವ ದಾರಿಯನ್ನು ಪ್ರಶ್ನೆಯೊಳಗೇ ಇಟ್ಟರು. ಈ ಸಂಚಿಕೆಯಲ್ಲಿ ನಾನು ಎದ್ದು ಕೈಮುಗಿಯಬೇಕೆಂದುಕೊಂಡ ಪ್ರಶ್ನೆ ಇದು.

ಲಾಲ್ ಬಹದ್ದೂರ್ ಶಾಸ್ತ್ರಿಯವರ ಹೆಸರಿನ ಜಲಾಶಯ ಯಾವುದು ಎಂಬ ಪ್ರಶ್ನೆಗೆ ಶಿಕ್ಷಕಿ ಆಯ್ಕೆಗಳು ಮೂಡುವ ಮೊದಲೇ ಆಲಮಟ್ಟಿ ಎಂದರು. ಹಿನ್ನೀರಿನಲ್ಲಿ ಹೊಲ ಮನೆ ಕಳೆದುಕೊಂಡವರು ಪ್ರತಿ ಊರಿನಲ್ಲಿ ಸಿಗುವ ಈ ಸೀಮೆಯವರಿಗೆ ಅದನ್ನು ಕೇಳುವುದೇ ಅಂಕ ಕೊಟ್ಟಂತೆ. ಸಿನಿಮಾ ಪ್ರಶ್ನೆಗಳು ಬಂದವು, ಹೋದವು. ಮೈಸೂರಿನ ಹುಡುಗ ಅವುಗಳಲ್ಲಿ ಚುರುಕಾಗಿದ್ದ ಎಂದಷ್ಟೇ ಹೇಳಬಲ್ಲೆ.

ಚಿತ್ರದ ಸುತ್ತಿನ ಕ್ರಮ ಚೆನ್ನಾಗಿತ್ತು. ಚಿತ್ರದ ಒಂದು ಚೂರನ್ನು ಮೊದಲು ತೋರಿಸುತ್ತಾರೆ. ಆಗಲೇ ಹೇಳಿದರೆ ನಲವತ್ತು ಅಂಕ, ಇನ್ನೊಂದು ಚೂರು ತೆರೆದಾಗ ಮೂವತ್ತು, ಹೀಗೆ ಇಳಿಯುತ್ತ ಹೋಗುತ್ತದೆ. ಮೊದಲ ಚೂರಿನಲ್ಲಿ ಕಂಡದ್ದು ಲೋಹದ ಬಾಯಿ, ಬಾಗಿದ ಹಲ್ಲುಗಳು. ವಿದ್ಯಾರ್ಥಿ ತಟ್ಟನೆ ಕೀರ್ತಿಮುಖ ಎಂದ. ಅದು ತಪ್ಪಾಗಿ ಆ ಪ್ರಶ್ನೆಯಿಂದ ಹೊರಬಿದ್ದ. ಎರಡನೆಯ ಚೂರಿನಲ್ಲಿ ಆ ಹಲ್ಲುಗಳ ನಡುವೆ ಸಿಕ್ಕಿಬಿದ್ದ ಪುಟ್ಟ ಆನೆಯೊಂದು ಕಾಣಿಸಿತು. ನಮ್ಮ ಮನೆಯಲ್ಲಿ ಆಗಲೇ ಗದ್ದಲವೆದ್ದಿತ್ತು. ಶಿಕ್ಷಕಿ ಇನ್ನೂ ಸುಮ್ಮನಿದ್ದರು. ಮೂರನೆಯ ಚೂರಿನಲ್ಲಿ ದಪ್ಪ ಕೊಳವೆಯ ಅಂಚು ಕಂಡಾಗ ಮಲಿಕ್-ಎ-ಮೈದಾನ್ ಎಂದು ಹೇಳಿ ಇಪ್ಪತ್ತು ಅಂಕ ತೆಗೆದುಕೊಂಡರು. ಎರಡನೆಯ ಚೂರಿನಲ್ಲೇ ಗುರುತು ಸಿಕ್ಕಿತ್ತೇ ಎಂದು ನಿರೂಪಕರು ಕೇಳಿದಾಗ, ಸಿಕ್ಕಿತ್ತು, ಆದರೆ ತಪ್ಪಾದರೆ ಶಾಲೆಯ ಮಕ್ಕಳ ಎದುರು ನಿಲ್ಲುವುದು ಹೇಗೆಂಬ ಭಯವೂ ಇತ್ತು ಎಂದು ನಕ್ಕರು. 1549ರಲ್ಲಿ ಎರಕ ಹೊಯ್ದ, ಸುಮಾರು 55 ಟನ್ ತೂಗುವ ಆ ತೋಪಿನ ಬಾಯಿಯನ್ನು ಆನೆಯನ್ನು ನುಂಗುತ್ತಿರುವ ಸಿಂಹದ ಮುಖವಾಗಿ ಮಾಡಿದ್ದಾರೆ. ತೋಪನ್ನು ನೋಡಲು ಹೋದವರು ಅದರ ಉದ್ದವನ್ನು ನೋಡುತ್ತಾರೆ, ಬೆರಳಿನಿಂದ ತಟ್ಟಿ ಗಂಟೆಯಂತೆ ಬರುವ ನಾದವನ್ನು ಕೇಳುತ್ತಾರೆ. ಹಲ್ಲಿನ ಸಂದಿಯ ಆನೆಯನ್ನು ಕಂಡವರು ಕಡಿಮೆ. ಪ್ರಶ್ನೆ ತೆಗೆದವರು ಅದನ್ನು ಕಂಡಿದ್ದಾರೆ. ಯಾವ ಚೂರನ್ನು ಮೊದಲು ತೆರೆಯಬೇಕು, ಯಾವುದನ್ನು ಆಮೇಲೆ ಎಂಬ ತೀರ್ಮಾನದಲ್ಲಿ ಅವರ ಕಸುಬು ಕಾಣುತ್ತದೆ.

ಬಜರ್ ಸುತ್ತಿಗೆ ಬಂದಾಗ ಕಾರ್ಯಕ್ರಮದ ಹುರುಪು ಇಳಿಯಿತು. ಅದಕ್ಕೆ ಕಾರಣ ಪ್ರಶ್ನೆಗಳ ಗುಣ. ಮಹಾತ್ಮ ಗಾಂಧಿಯವರು ಅಧ್ಯಕ್ಷತೆ ವಹಿಸಿದ್ದ ಏಕೈಕ ಕಾಂಗ್ರೆಸ್ ಅಧಿವೇಶನ ಯಾವುದು ಎಂದು ನಿರೂಪಕರು ಓದಲು ಆರಂಭಿಸಿ ‘ಮಹಾತ್ಮ’ ಎನ್ನುವಷ್ಟರಲ್ಲಿ ಎಂಜಿನಿಯರ್ ಬಜರ್ ಒತ್ತಿ ಬೆಳಗಾವಿ, 1924 ಎಂದರು. ಪ್ರಶ್ನೆಯನ್ನು ಕೇಳದೆಯೇ ಉತ್ತರ ಹೇಳಬಹುದಾದರೆ ಅದು ಪ್ರಶ್ನೆಯೇ? ವಿಜಯಪುರ, ಧಾರವಾಡಗಳಲ್ಲಿ ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ಯಾವ ಹುಡುಗ ಹುಡುಗಿಯನ್ನು ನಿದ್ದೆಯಿಂದ ಎಬ್ಬಿಸಿ ಕೇಳಿದರೂ ಇದನ್ನು ಹೇಳುತ್ತಾರೆ. ಅವರನ್ನು ಹೀಗಳೆಯುವ ಉದ್ದೇಶ ನನ್ನದಲ್ಲ. ನೌಕರಿ ಬೇಕಾದವರಿಗೆ ಕಂಠಪಾಠ ಅನಿವಾರ್ಯ. ಆದರೆ ಮನರಂಜನೆಗೆಂದು ಕಟ್ಟಿದ ಆಟವು ಪರೀಕ್ಷೆಯ ಗೈಡಿನಿಂದ ಪ್ರಶ್ನೆಯನ್ನು ಎತ್ತಿಕೊಂಡರೆ ನೋಡುವವನಿಗೆ ಉಳಿಯುವುದು ಯಾರ ಬೆರಳು ಚುರುಕು ಎಂಬ ಕುತೂಹಲ ಮಾತ್ರ. ಅದೇ ಅಧಿವೇಶನದಿಂದಲೇ ಬೇರೆ ಪ್ರಶ್ನೆಗಳನ್ನು ತೆಗೆಯಬಹುದಿತ್ತು. ಹುಯಿಲಗೋಳ ನಾರಾಯಣರಾಯರ ‘ಉದಯವಾಗಲಿ ನಮ್ಮ ಚೆಲುವ ಕನ್ನಡ ನಾಡು’ ಮೊದಲು ಹಾಡಿದ್ದು ಅಲ್ಲಿಯೇ. ಇನ್ನೂ ಬಾಲಕಿಯಾಗಿದ್ದ ಗಂಗೂಬಾಯಿ ಹಾನಗಲ್ ಅವರು ಗಾಂಧೀಜಿಯವರ ಎದುರು ಹಾಡಿದ್ದೂ ಅಲ್ಲಿಯೇ. ಅಧಿವೇಶನಕ್ಕೆ ಬಂದ ಜನರ ನೀರಿಗಾಗಿ ತೋಡಿದ ಬಾವಿ ಇಂದಿಗೂ ಟಿಳಕವಾಡಿಯಲ್ಲಿ ಕಾಂಗ್ರೆಸ್ ಬಾವಿಯೆಂದೇ ಕರೆಸಿಕೊಳ್ಳುತ್ತದೆ. ‘ಬೆಳಗಾವಿಯ ಟಿಳಕವಾಡಿಯಲ್ಲಿರುವ ಯಾವ ಬಾವಿಗೆ ರಾಷ್ಟ್ರೀಯ ಪಕ್ಷವೊಂದರ ಹೆಸರಿದೆ, ಮತ್ತು ಏಕೆ?’ ಎಂದಿದ್ದರೆ ಮೂವರೂ ಒಂದು ಕ್ಷಣ ನಿಂತು ಯೋಚಿಸುತ್ತಿದ್ದರು.

ದೊಡ್ಡ ಪ್ರಶ್ನೆಯೆಂದರೆ ಯಾರಿಗೂ ಗೊತ್ತಿರದ ಮೂಲೆಯ ವಿಷಯವೇ ಆಗಬೇಕೆಂದಿಲ್ಲ. ಕೌನ್ ಬನೇಗಾ ಕರೋಡ್‌ಪತಿ ಆರಂಭವಾದ 2000ನೇ ಇಸವಿಯಲ್ಲಿ ಹರ್ಷವರ್ಧನ ನವಾಥೆ ಕೋಟಿ ರೂಪಾಯಿ ಗೆದ್ದ ಪ್ರಶ್ನೆ, ಸಂಸತ್ತಿನ ಕಲಾಪದಲ್ಲಿ ಭಾಗವಹಿಸಲು ಸಂವಿಧಾನ ಯಾರಿಗೆ ಅವಕಾಶ ಕೊಟ್ಟಿದೆ ಎಂಬುದಾಗಿತ್ತು. ಉತ್ತರ ಅಟಾರ್ನಿ ಜನರಲ್. ಸಂವಿಧಾನದ 88ನೇ ವಿಧಿಯಲ್ಲಿ ಅದು ಇದೆ. ಕಾನೂನು ಓದಿದವರಿಗೆ ಗೊತ್ತಿರುತ್ತದೆ, ಓದದವರೂ ಸರ್ಕಾರಕ್ಕೆ ಕಾನೂನು ಸಲಹೆ ಕೊಡುವವರು ಸದನದಲ್ಲಿ ಮಾತನಾಡಬೇಕಾಗಿ ಬರಬಹುದೆಂದು ಊಹಿಸಿ ಅಲ್ಲಿಗೆ ತಲುಪಬಹುದು. ಬಹುಮಾನದ ಮಾತಿಗೆ ಬಂದರೆ, ನಮ್ಮ ದೂರದರ್ಶನ ಚಂದನದಲ್ಲಿ 2002ರಿಂದ ಡಾ. ನಾ. ಸೋಮೇಶ್ವರ ಅವರು ನಡೆಸಿಕೊಂಡು ಬಂದ ‘ಥಟ್ ಅಂತ ಹೇಳಿ’ಯಲ್ಲಿ ಕೊಡುತ್ತಿದ್ದುದು ಪುಸ್ತಕ. ಕೋಟಿಯ ಆಸೆ ಇಲ್ಲದೆಯೂ ಜನ ಆ ಕಾರ್ಯಕ್ರಮವನ್ನು ವರ್ಷಗಟ್ಟಲೆ ನೋಡಿದರು. ಪ್ರಶ್ನೆಯೇ ಮುಖ್ಯವೆಂಬ ನನ್ನ ವಾದಕ್ಕೆ ಅದಕ್ಕಿಂತ ಗಟ್ಟಿಯಾದ ಸಾಕ್ಷಿ ನನಗೆ ಬೇಡ.

ಪಣದ ಸುತ್ತಿಗೆ ಮೊದಲು ಎಂಜಿನಿಯರ್ ಬಳಿ 150, ಶಿಕ್ಷಕಿಯ ಬಳಿ 130, ವಿದ್ಯಾರ್ಥಿಯ ಬಳಿ 70 ಅಂಕಗಳಿದ್ದವು. ವಿಷಯ ‘ರಾಷ್ಟ್ರಪತಿಗಳು’ ಎಂದಷ್ಟೇ ಹೇಳಿ ಮೂವರಿಂದಲೂ ಪಣ ಬರೆಸಿಕೊಂಡರು. ಆಮೇಲೆ ಬಂದ ಪ್ರಶ್ನೆ: 1977ರ ಮಾರ್ಚ್ 24ರಂದು ಮೊರಾರ್ಜಿ ದೇಸಾಯಿ ಅವರಿಗೆ ಪ್ರಧಾನಮಂತ್ರಿಯಾಗಿ ಪ್ರಮಾಣವಚನ ಬೋಧಿಸಿದವರು ಯಾರು? ಆಯ್ಕೆಗಳಿಲ್ಲ, ಮೂವತ್ತು ಸೆಕೆಂಡು, ಹಲಗೆಯ ಮೇಲೆ ಬರೆಯಬೇಕು.

ನಮ್ಮ ಹುಡುಗಿ ನೀಲಂ ಸಂಜೀವ ರೆಡ್ಡಿ ಎಂದಳು. ಕಾಕಾ ಕುರ್ಚಿಯಿಂದ ಅರ್ಧ ಎದ್ದು, “ಅಲ್ಲ ಬೇ, ನಮ್ಮ ಸಾವಳಗಿ ಜತ್ತಿಯವರು! ಆವಾಗ ಅವರೇ ಇದ್ದರಲ್ಲ!” ಎಂದರು. “ಅಜ್ಜಾ, ಅವರು ರಾಷ್ಟ್ರಪತಿ ಎಲ್ಲಿ ಆಗಿದ್ರು? ಪಟ್ಟಿಯೊಳಗ ಹೆಸರೇ ಇಲ್ಲ” ಎಂಬುದು ಅವಳ ತಕರಾರು. ಇಬ್ಬರ ಮಾತಿನಲ್ಲೂ ಹುರುಳಿತ್ತು, ಮತ್ತು ಪ್ರಶ್ನೆಯ ಸೊಗಸು ಇದ್ದದ್ದು ಈ ತಕರಾರಿನಲ್ಲೇ. ಫಕ್ರುದ್ದೀನ್ ಅಲಿ ಅಹ್ಮದ್ ಅವರು 1977ರ ಫೆಬ್ರವರಿ 11ರಂದು, ಚುನಾವಣೆಗೆ ಇನ್ನೊಂದು ತಿಂಗಳಷ್ಟೇ ಇರುವಾಗ, ಅಧಿಕಾರದಲ್ಲಿದ್ದಾಗಲೇ ತೀರಿಕೊಂಡರು. ಸಂಜೀವ ರೆಡ್ಡಿಯವರು ಅಧಿಕಾರ ವಹಿಸಿಕೊಂಡದ್ದು ಜುಲೈ 25ರಂದು. ನಡುವಿನ ಐದು ತಿಂಗಳು ಹಂಗಾಮಿ ರಾಷ್ಟ್ರಪತಿಯಾಗಿದ್ದವರು ಆಗಿನ ಉಪರಾಷ್ಟ್ರಪತಿ ಬಿ.ಡಿ. ಜತ್ತಿಯವರು, ಜಮಖಂಡಿ ತಾಲ್ಲೂಕಿನ ಸಾವಳಗಿಯವರು, 1958ರಿಂದ 1962ರವರೆಗೆ ಮೈಸೂರು ರಾಜ್ಯದ ಮುಖ್ಯಮಂತ್ರಿಯಾಗಿದ್ದವರು. ಕೇಂದ್ರದಲ್ಲಿ ಮೊದಲ ಕಾಂಗ್ರೆಸ್ಸೇತರ ಸರ್ಕಾರಕ್ಕೆ ಪ್ರಮಾಣವಚನ ಬೋಧಿಸಿದ್ದು ನಮ್ಮ ಸೀಮೆಯ ಮನುಷ್ಯ. ಪೂರ್ಣಾವಧಿಯ ರಾಷ್ಟ್ರಪತಿಗಳ ಪಟ್ಟಿಯನ್ನು ಬಾಯಿಪಾಠ ಮಾಡಿದವರು ಈ ಪ್ರಶ್ನೆಯಲ್ಲಿ ಎಡವುತ್ತಾರೆ; ತಾರೀಖುಗಳನ್ನು ಒಂದರ ಪಕ್ಕ ಒಂದು ಇಟ್ಟು ನೋಡುವವರು ದಾಟುತ್ತಾರೆ.

ಹಲಗೆಗಳು ತಿರುಗಿದಾಗ ವಿದ್ಯಾರ್ಥಿ ಸಂಜೀವ ರೆಡ್ಡಿ ಎಂದು ಬರೆದಿದ್ದ. ಇದ್ದ ಎಪ್ಪತ್ತನ್ನೂ ಇಟ್ಟಿದ್ದರಿಂದ ಸೊನ್ನೆಗಿಳಿದ. ಉಳಿದಿಬ್ಬರೂ ಜತ್ತಿ ಎಂದು ಬರೆದಿದ್ದರು. ಶಿಕ್ಷಕಿಗೆ ಅದು ಮನೆಯಲ್ಲಿ ಕೇಳಿ ಬೆಳೆದ ಹೆಸರು. ಎಂಜಿನಿಯರಿಗೆ ಹಾಗಲ್ಲ, ಸಂಜೀವ ರೆಡ್ಡಿಯವರು ಅದೇ ಮಾರ್ಚ್‌ನಲ್ಲಿ ಲೋಕಸಭೆಯ ಸ್ಪೀಕರ್ ಆಗಿ ಆಯ್ಕೆಯಾದರೆಂಬುದನ್ನು ನೆನಪಿಸಿಕೊಂಡು, ಹಾಗಿದ್ದ ಮೇಲೆ ಆಗ ರಾಷ್ಟ್ರಪತಿ ಭವನದಲ್ಲಿ ಇದ್ದವರು ಬೇರೆಯವರೇ ಎಂದು ಲೆಕ್ಕಹಾಕಿ, ಉಪರಾಷ್ಟ್ರಪತಿ ಯಾರೆಂಬಲ್ಲಿಗೆ ಬಂದರಂತೆ. ಐಹೊಳೆಯಲ್ಲಿ ತಪ್ಪಿದ ತರ್ಕ ಇಲ್ಲಿ ಸರಿಯಾಗಿ ದಡ ಸೇರಿತು. ಅವರು ಇದನ್ನು ಇನ್ನೂ ವಿವರಿಸುತ್ತಿರುವಾಗಲೇ ಜಾಹೀರಾತಿಗೆ ಕತ್ತರಿಸಿದ್ದು ಸಂಕಲನಕಾರರ ಅರಸಿಕತನ.

ಜಾಹೀರಾತಿನ ನಂತರ ಪಣ ತೋರಿಸಿದರು. ಎಂಜಿನಿಯರ್ ಇಟ್ಟದ್ದು ಐವತ್ತು, ಒಟ್ಟು 200. ಶಿಕ್ಷಕಿ ತಮ್ಮ 130ನ್ನೂ ಇಟ್ಟಿದ್ದರು, ಒಟ್ಟು 260. ಎಲ್ಲವನ್ನೂ ಇಡುವ ಧೈರ್ಯ ಹೇಗೆ ಬಂತೆಂದು ನಿರೂಪಕರು ಕೇಳಿದರೆ ಆಕೆಯ ಉತ್ತರ: “ಕಡಿಮಿ ಇಟ್ರೂ ಹಿಂದೇ ಉಳೀತಿದ್ದೆ ಅಲ್ರೀ ಸರ್. ಇಟ್ಟು ಸೋತ್ರ ಸೋಲ್ಲಿ ಅಂತ ಇಟ್ಟೆ.”

ಗೊತ್ತಿದ್ದವನು ಸೋಲುವುದು ಯಾವ ನ್ಯಾಯವೆಂದು ಕಾಕಾ ಕೇಳಿದರು. ಹುಡುಗಿ ಆಗಲೇ ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ ಕೂಡಿಸಿ ಕಳೆದಿದ್ದಳು: ಶಿಕ್ಷಕಿ ಗರಿಷ್ಠ 260ಕ್ಕೆ ಹೋಗಬಲ್ಲರು, ಹಾಗಾಗಿ 150 ಇದ್ದವರು 111 ಇಟ್ಟಿದ್ದರೆ ಸರಿಯುತ್ತರಕ್ಕೆ ಗೆಲುವು ಖಚಿತವಿತ್ತು. ತಪ್ಪಾಗಿದ್ದರೆ 39ಕ್ಕೆ ಇಳಿಯುತ್ತಿದ್ದರಲ್ಲ ಎಂದು ಕಾಕಾ ಬಿಡಲಿಲ್ಲ. ನಾನು ಹುಡುಗಿಯ ಪಕ್ಷ. ಎದುರಿನವರ ಅಂಕ ಪರದೆಯ ಮೇಲೆ ಕಾಣುತ್ತಿತ್ತು, ಲೆಕ್ಕ ಕಷ್ಟದ್ದಲ್ಲ, ಮತ್ತು ಮುಂದಿದ್ದವನು ತನ್ನ ಮುನ್ನಡೆಯನ್ನು ಕಾಯಬೇಕೆಂಬುದೂ ಆ ಆಟದ ನಿಯಮಗಳೊಳಗೇ ಬರುತ್ತದೆ. ಕಾಕಾ ಒಪ್ಪದೆ ಮಲಗಲು ಹೋದರು. ಗೆದ್ದವರು ಮುಂದಿನ ಶನಿವಾರವೂ ಆಡುತ್ತಾರೆ. ಶಿಕ್ಷಕಿಯವರಿಗೆ ತೊಡಕಾಗುವುದು ಬಜರ್ ಸುತ್ತು. ಈ ಸಲ ಉತ್ತರ ಗೊತ್ತಿದ್ದೂ ಪ್ರಶ್ನೆ ಪೂರ್ತಿ ಮುಗಿಯುವವರೆಗೆ ಕಾದು ಅವಕಾಶ ಕಳೆದುಕೊಂಡರು, ಮತ್ತು ಗೈಡಿನ ಪ್ರಶ್ನೆಗಳೇ ಮತ್ತೆ ಬಂದರೆ ಹಾಗೆ ಕಾಯುವವರಿಗೆ ಅಲ್ಲಿ ಏನೂ ಉಳಿಯುವುದಿಲ್ಲ.